ವಿಷಾದ ಮತ್ತು ಖಿನ್ನತೆ

ಭರತಮುನಿಯ ನಾಟ್ಯಶಾಸ್ತ್ರವು 33 ಸಂಚಾರಿಭಾವಗಳನ್ನು ಎಣಿಸುತ್ತದೆ. ನಿರ್ವೇದ, ಗ್ಲಾನಿ, ದೈನ್ಯ, ಚಿಂತೆ, ವಿಷಾದಗಳು ಆ ಗಣದಲ್ಲಿ ಸೇರಿವೆ. ಸಂಚಾರಿ ಎಂದರೆ ಬಂದು ಹೋಗತಕ್ಕದ್ದು, ನಿಲ್ಲತಕ್ಕದ್ದಲ್ಲ. ಮಳೆ ಕೈಕೊಟ್ಟ ವರ್ಷ ಹಿರಿಯೂರಿನ ಕಡೆಯ ಶೇಂಗಾ ಬೆಳೆಗಾರನು ಹೊಲದ ಬದುವಿನ ಮೇಲೆ ತಲೆಗೆ ಕೈಹೊತ್ತು ಕುಳಿತರೆ ಅದು ವಿಷಾದ. ಮುಂದಿನ ಹದಮಳೆಗೆ ಅವನು ಮತ್ತೆ ಕೂರಿಗೆ ಹೂಡುತ್ತಾನೆ. ಆದರೆ ಹದಮಳೆ ಬಂದರೂ ಹಾಸಿಗೆಯಿಂದ ಏಳಲಾರದೆ, ಹಸಿವು ನಿದ್ರೆಗಳು ಕೆಟ್ಟು, ಮೊಮ್ಮಗುವಿನ ನಗೆಯೂ ರುಚಿಸದೆ, ತಾನು ಯಾವುದಕ್ಕೂ ಬಾರದವನೆಂಬ ಎಣಿಕೆಯೇ ಹಗಲಿರುಳು ಕೊರೆಯುತ್ತಿದ್ದರೆ, ಸಂಚಾರಿಯೇ ಸ್ಥಾಯಿಯಂತೆ ಬೀಡುಬಿಟ್ಟಿತೆಂದು ತಿಳಿಯಬೇಕು. ಇದುವೇ ಖಿನ್ನತೆ. ಇಂತಹ ಸ್ಥಿತಿಯು ಎರಡು ವಾರಗಳ ಕಾಲ ಬಿಡದೆ ಇದ್ದರೆ ಅದನ್ನು ರೋಗವೆಂದು ಗಣಿಸುವುದು ವೈದ್ಯಶಾಸ್ತ್ರದ ಕ್ರಮ. 'ಖಿದ್' ಧಾತುವಿನಿಂದಲೇ ಖೇದವೂ ಬಂದಿತು, ಖಿನ್ನವೂ ಬಂದಿತು. ಆದರೂ ಖೇದಕ್ಕೆ ಸಾಂತ್ವನ ಸಾಕು, ಖಿನ್ನತೆಗೆ ಚಿಕಿತ್ಸೆ ಬೇಕು.

ಜನರು ಈ ಭೇದವನ್ನು ಗಮನಿಸುವುದಿಲ್ಲ. ಮೊದಲು 'ಸೋಮಾರಿ' ಎನ್ನುತ್ತಾರೆ. ಬಳಿಕ 'ಗಾಳಿ ಸೋಕಿದೆ' ಎಂದು ತಾಯಿತ ಕಟ್ಟಿಸುತ್ತಾರೆ. ಕಡೆಗೆ 'ಹುಚ್ಚು' ಎಂದುಬಿಡುತ್ತಾರೆ. ಭರತನು ವಿಷಾದವನ್ನೂ ಉನ್ಮಾದವನ್ನೂ ಬೇರೆ ಬೇರೆಯಾಗಿಯೇ ಎಣಿಸಿದ್ದಾನೆ. ಅಷ್ಟು ವಿವೇಚನೆಯು ಇಂದಿನ ಊರಬಾಯಿಗೆ ಇಲ್ಲದಿರುವುದು ನಾಚಿಕೆಯ ಸಂಗತಿ. ಮಗಳ ಸಂಬಂಧ ಮುರಿದೀತೆಂದು ಹೊಸದುರ್ಗದ ತೋಟದ ಮನೆಯ ತಾಯಿಯೂ, ಹೊಳಲ್ಕೆರೆಯ ಅಂಗಡಿಯವನೂ ತಮ್ಮ ಬೇನೆಯನ್ನು ಬಚ್ಚಿಡುವುದು ಈ ಒಂದು ಮಾತಿಗೆ ಹೆದರಿಯೇ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಪಂಕ್ತಿಯಲ್ಲಿ ಕುಳಿತು ಎಲ್ಲರೆದುರು ನುಂಗುವವರು ಮನಸ್ಸಿನ ಗುಳಿಗೆಯನ್ನು ಅಕ್ಕಿಡಬ್ಬಿಯಲ್ಲಿ ಅಡಗಿಸುತ್ತಾರೆ! 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 20 ಜನರಿಗೆ ಒಬ್ಬರಂತೆ ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿತ್ತು. ಖಿನ್ನತೆಯುಳ್ಳವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಚಿಕಿತ್ಸೆಯೆಂದರೆ ದೂರದ ಬೆಂಗಳೂರೇ ಆಗಬೇಕೆಂದಿಲ್ಲ. ಮೊಳಕಾಲ್ಮೂರಿನ ಆಚೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿಯೇ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು, ಮನೋರೋಗಕ್ಕೆ ಊರ ಸಮೀಪದಲ್ಲಿಯೇ ಔಷಧ ಕೊಡಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. 2022ರ ಅಕ್ಟೋಬರ್‌ನಿಂದ 14416 ಎಂಬ ಟೆಲಿ-ಮಾನಸ್ ದೂರವಾಣಿಯು ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಉತ್ತರಿಸುತ್ತಿದೆ.

ಔಷಧದ ವಿಷಯದಲ್ಲಿ ಮನೆಯವರು ತಾಳ್ಮೆಗೆಡುವುದೇ ಹೆಚ್ಚು. ಖಿನ್ನತೆಯ ಗುಳಿಗೆಗಳ ಗುಣ ಕಾಣಲು ಕೆಲವು ವಾರಗಳು ಹಿಡಿಯುತ್ತವೆ. ಎಂಟು ದಿನಕ್ಕೆ ಗುಣವಾಗಲಿಲ್ಲವೆಂದಾಗಲಿ, ತಿಂಗಳಿಗೆ ಗುಣವಾಯಿತೆಂದಾಗಲಿ, ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ವಿದ್ಯಾರ್ಥಿನಿಲಯದಲ್ಲಿ ಸಹಪಾಠಿಯೊಬ್ಬನು ಆಟ, ಊಟ, ಮಾತುಗಳನ್ನು ತೊರೆದು ಮೂಲೆ ಹಿಡಿದರೆ ಹುಡುಗರು ಅವನಿಗೆ ಅಡ್ಡಹೆಸರಿಡುವ ಬದಲು ಪಕ್ಕದಲ್ಲಿ ಕುಳಿತು ವಿಚಾರಿಸಬೇಕು, ಗುರುಗಳಿಗೆ ತಿಳಿಸಬೇಕು. 'ಬದುಕು ಸಾಕಾಯಿತು' ಎಂದು ಯಾರಾದರೂ ನುಡಿದರೆ ಅದನ್ನು ಬರಿಯ ಮಾತೆಂದು ತಳ್ಳಿಹಾಕಬಾರದು. ಅಂಥವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಳೆಗೆ ಸಿಂಪಡಿಸುವ ಔಷಧದ ಡಬ್ಬಿಯನ್ನು ಆ ದಿನವೇ ಮನೆಯಿಂದ ಹೊರಗೆ ಸಾಗಿಸಿ, ಬೀಗ ಹಾಕಿ, ಕೀಲಿಯನ್ನು ನೆರೆಮನೆಯವರ ಕೈಗೆ ಕೊಡಬೇಕು.