ಬಿಸಿಲನ್ನು ತಾಳಲಾರದ ಚರ್ಮ

ಮಟಮಾರಿಯ ಬಯಲಿನಲ್ಲಿ ಬೇಸಿಗೆಯ ಬಿಸಿಲು ಎಂತಹುದೆಂದು ರಾಯಚೂರು ಸೀಮೆಯವರಾದ ನಾವು ಬಲ್ಲೆವು. ಹೊಲದಲ್ಲಿ ದಿನವೆಲ್ಲ ದುಡಿದವನ ಚರ್ಮ ಕಪ್ಪಾಗುತ್ತದೆ. ಅದರಿಂದ ಅವನಿಗೆ ಕ್ಯಾನ್ಸರ್ ಬರುವುದು ಅಪರೂಪ. ಆದರೆ ಈ ಬಿಸಿಲನ್ನು ಹುಟ್ಟಿನಿಂದಲೇ ತಾಳಲಾರದ ಕೆಲವು ಮಕ್ಕಳುಂಟು. ಎಳವೆಯಲ್ಲಿಯೇ ಅವರ ಮುಖದ ಮೇಲೆ ಕಂದು ಮಚ್ಚೆಗಳು ಮೂಡುತ್ತವೆ. ಹತ್ತು ವರ್ಷ ತುಂಬುವ ಮೊದಲೇ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುವುದುಂಟು. 1870ರ ದಶಕದಲ್ಲಿ ವಿಯೆನ್ನಾದ ವೈದ್ಯರಾದ ಹೆಬ್ರಾ ಮತ್ತು ಕಪೋಸಿ ವರ್ಣಿಸಿದ ಈ ರೋಗದ ಹೆಸರು ಕ್ಸೀರೋಡರ್ಮಾ ಪಿಗ್ಮೆಂಟೋಸಮ್.

ಇದರ ಕಾರಣವನ್ನು ತಿಳಿಯಲು ಮೊದಲು ಶಕ್ತಿಯ ಲೆಕ್ಕವನ್ನು ನೋಡೋಣ. 550 ನ್ಯಾನೋಮೀಟರ್ ಅಲೆಯುದ್ದದ ಹಸಿರು ಬೆಳಕಿನ ಒಂದು ಫೋಟಾನಿನಲ್ಲಿ ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದ್ದರೆ, 300 ನ್ಯಾನೋಮೀಟರಿನ ಅತಿನೇರಿಳೆ ಫೋಟಾನಿನಲ್ಲಿ ಸುಮಾರು 4.1 ಇರುತ್ತದೆ. ಈ ಶಕ್ತಿಯನ್ನು ಹೀರಿಕೊಂಡ ಡಿಎನ್‌ಎ ಎಳೆಯಲ್ಲಿ ಪಕ್ಕಪಕ್ಕದ ಎರಡು ಥೈಮಿನ್ ಘಟಕಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇಂತಹ ಬೆಸುಗೆ ನಮ್ಮೆಲ್ಲರ ಚರ್ಮದಲ್ಲಿಯೂ ಆಗುತ್ತಲೇ ಇರುತ್ತದೆ. ಆದರೆ ನಮ್ಮ ಜೀವಕೋಶದ ಕಿಣ್ವಗಳು ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ಮಾದರಿಯಾಗಿಟ್ಟುಕೊಂಡು ಹೊಸ ತುಂಡನ್ನು ಕೂಡಿಸುತ್ತವೆ; ಹರಿದ ಕೌದಿಗೆ ತೇಪೆ ಹಾಕಿದಂತೆ. ಈ ದುರಸ್ತಿ ರೋಗಿಗಳಲ್ಲಿ ಸರಿಯಾಗಿ ನಡೆಯುವುದಿಲ್ಲವೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿಕೊಟ್ಟರು. ದೋಷವುಳ್ಳ ಜೀನು ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ರೋಗ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯುಳ್ಳ ನಾವು ಈ ಮಾತನ್ನು ಗಮನಿಸಬೇಕು.

ಮಗುವಿನಿಂದ ಬಿಸಿಲನ್ನು ದೂರವಿಡುವುದೇ ಮೊದಲ ರಕ್ಷಣೆ. ಬಾಗಿಲು ಮುಚ್ಚಿ ಒಳಗೆ ಕೂರಿಸಿದರೆ ಸಾಲದು. ಕಿಟಕಿಯ ಗಾಜು ಅತಿನೇರಿಳೆಯ ಕಿರಿಯ ಅಲೆಗಳನ್ನು ತಡೆದರೂ ಹಿರಿಯ ಅಲೆಗಳನ್ನು ಬಹುಮಟ್ಟಿಗೆ ಒಳಕ್ಕೆ ಬಿಡುತ್ತದೆ. ಗಾಜಿಗೂ ತಡೆಯುವ ಹಾಳೆಯನ್ನು ಅಂಟಿಸಬೇಕು. ಶಾಲೆ, ಆಟ, ಜಾತ್ರೆ ಎಲ್ಲಕ್ಕೂ ಈ ಕಾವಲು ಬೇಕೆಂದರೆ ಮನೆಯವರ ಪಾಡನ್ನು ಊಹಿಸಬಹುದು.

ಔಷಧದಿಂದ ಕ್ಯಾನ್ಸರನ್ನು ತಡೆಯಬಹುದೆ? ಅಮೆರಿಕದಲ್ಲಿ ಕ್ರೇಮರ್ ಮತ್ತು ಸಂಗಡಿಗರು ಐವರು ರೋಗಿಗಳಿಗೆ ಎರಡು ವರ್ಷ ಐಸೋಟ್ರೆಟಿನಾಯಿನ್ ಕೊಟ್ಟು ನೋಡಿ, 1988ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಅವರಿಗೆ ಒಟ್ಟು 121 ಗಂತಿಗಳು ಎದ್ದಿದ್ದವು. ಔಷಧದ ಅವಧಿಯಲ್ಲಿ ಎದ್ದವು 25. ಔಷಧ ನಿಂತೊಡನೆ ಗಂತಿಗಳು ಮತ್ತೆ ಹೆಚ್ಚಿದವು. ಅಡ್ಡಪರಿಣಾಮಗಳೂ ಸಣ್ಣವಲ್ಲ.

2001ರಲ್ಲಿ ಪ್ರಕಟವಾದ ಪ್ರಯೋಗ ನಮಗೆ ಇನ್ನೂ ಸೊಗಸಾಗಿ ತೋರುತ್ತದೆ. ಬ್ಯಾಕ್ಟೀರಿಯಾಗಳನ್ನು ಆಕ್ರಮಿಸುವ ಟಿ4 ವೈರಸ್ಸಿನದೊಂದು ದುರಸ್ತಿ ಕಿಣ್ವವುಂಟು. ಅದನ್ನು ಕೊಬ್ಬಿನ ಸೂಕ್ಷ್ಮ ಚೀಲಗಳಲ್ಲಿ ತುಂಬಿದ ಲೇಪವನ್ನು 20 ರೋಗಿಗಳೂ, ಕಿಣ್ವವಿಲ್ಲದ ಲೇಪವನ್ನು 10 ರೋಗಿಗಳೂ ಒಂದು ವರ್ಷ ದಿನವೂ ಹಚ್ಚಿಕೊಂಡರು. ಕಿಣ್ವ ದೊರೆತವರಲ್ಲಿ ಕ್ಯಾನ್ಸರಿಗೆ ಮುನ್ಸೂಚನೆಯಾದ ಹೊಸ ಒರಟು ಕಲೆಗಳು ಶೇಕಡಾ 68ರಷ್ಟೂ, ಒಂದು ಬಗೆಯ ಚರ್ಮದ ಕ್ಯಾನ್ಸರ್ ಶೇಕಡಾ 30ರಷ್ಟೂ ಕಡಿಮೆಯಾಗಿದ್ದವು. ಜೀನಿನ ದೋಷ ಮಾತ್ರ ಇದ್ದಂತೆಯೇ ಇತ್ತು. ಆದ್ದರಿಂದ ಲೇಪ ಹಚ್ಚಿಕೊಂಡವರೂ ಬಿಸಿಲಿನ ಕಾವಲನ್ನು ಬಿಡುವಂತಿರಲಿಲ್ಲ.