ಮೈತುಂಬಿದ ಮಕ್ಕಳ ತಾಯ್ತಂದೆಯರಿಗೆ

ಬೆಳಗಾವಿಯ ಟಿಳಕವಾಡಿಯಲ್ಲಿ, ಶಾಲೆಯ ರಿಕ್ಷಾದಿಂದಿಳಿದೊಡನೆ ಒಂದು ಕೈಯಲ್ಲಿ ಚಿಪ್ಸಿನ ಪೊಟ್ಟಣವನ್ನೂ ಮತ್ತೊಂದರಲ್ಲಿ ಮೊಬೈಲನ್ನೂ ಹಿಡಿದು ಸೋಫಾದ ಮೇಲೊರಗುವ ಮೊಮ್ಮಗನನ್ನು ಕಂಡು, ‘ಹೆಂಗ ಮೈ ತುಂಬ್ಯಾನ ನೋಡ್ರಿ’ ಎಂದು ಅಜ್ಜಿ ಹಿಗ್ಗುವುದು ಸಹಜವಾದರೂ, ವಾಚಕಮಹಾಶಯರೇ, ಆ ಹಿಗ್ಗನ್ನು ತುಸು ಪರೀಕ್ಷಿಸಬೇಕಾಗಿದೆ. 2022ರಲ್ಲಿ ಜಗತ್ತಿನಾದ್ಯಂತ 5ರಿಂದ 19 ವರ್ಷದೊಳಗಿನ 39 ಕೋಟಿಗೂ ಮಿಕ್ಕ ಮಕ್ಕಳು ಅಧಿಕ ತೂಕದವರಾಗಿದ್ದರೆಂದೂ, ಅವರಲ್ಲಿ 16 ಕೋಟಿ ಮಂದಿ ಸ್ಥೂಲಕಾಯರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಗಣಿಸಿದೆ. ನಮ್ಮ ದೇಶದ ಐದು ವರ್ಷದೊಳಗಿನ ಶಿಶುಗಳಲ್ಲಿ 2015-16ರಲ್ಲಿ ಶೇಕಡಾ 2.1ರಷ್ಟಿದ್ದ ಅಧಿಕ ತೂಕವು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ 3.4ಕ್ಕೇರಿತು.

ಇದೇ ಜಿಲ್ಲೆಯ ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಮಕ್ಕಳ ಕೃಶತೆಯೇ ಇಂದಿಗೂ ಹಿರಿಯ ಚಿಂತೆಯೆಂಬುದು ದಿಟ. ಆದರೆ ಐದು ರೂಪಾಯಿಯ ಕುರುಕಲಿನ ಪೊಟ್ಟಣವು ಅಲ್ಲಿಯ ಗೂಡಂಗಡಿಗೂ ಬಂದು ತೂಗಾಡುತ್ತಿದೆ.

ಹಾಗೆಂದು ತೂಕವಿಳಿಸಲು ಬೆಳೆಯುವ ದೇಹವನ್ನು ಉಪವಾಸ ಕೆಡಹಬೇಡಿರಿ. ಕುಂದಾದ ಸಿಹಿ ಹಬ್ಬಕ್ಕಿರಲಿ (ಬೆಳಗಾವಿಯಲ್ಲಿದ್ದು ಅದನ್ನು ಬಿಡೆಂದರೆ ಯಾರು ಕೇಳಿಯಾರು?), ನಿತ್ಯಕ್ಕೆ ಜೋಳದ ರೊಟ್ಟಿ, ಕಾಳುಪಲ್ಯ, ಮಜ್ಜಿಗೆಗಳಿರಲಿ, ದಿನಕ್ಕೆ 60 ನಿಮಿಷ ಬೆವರಿಳಿಯುವಂತೆ ಆಡಲಿ. ಕಣ್ಣಂದಾಜನ್ನು ನೆಚ್ಚದೆ, ಎತ್ತರ-ತೂಕಗಳನ್ನು ವಯಸ್ಸಿನ ಪಟ್ಟಿಯೊಡನೆ ಹೋಲಿಸಿ ನೋಡುವಂತೆ ಮಕ್ಕಳ ವೈದ್ಯರನ್ನು ಕೇಳಿರಿ. ಮತ್ತು ಮಗುವನ್ನು ಪಂಕ್ತಿಯಲ್ಲಿ ‘ಡುಮ್ಮಾ’ ಎಂದು ಕರೆದು ನಗುವ ಸೋದರಮಾವನನ್ನು ಮೊದಲು ಸುಮ್ಮನಿರಿಸಿರಿ.