ಕುಡಿತ ಬಿಡಲು ನೆರವಾಗುವ ಸಭೆಯನ್ನು ಹುಡುಕುವುದು ಹೇಗೆ?



ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಸಂಘಗಳಿಗೆ ನಾವು ಬಂದಾಗ ಸಾಲದ ಕಂತು ಯಾಕೆ ಬಾಕಿ ಎಂದು ಕೇಳುತ್ತೇವೆ. ಸಭೆಯಲ್ಲಿ ಕೆಲವರು ಬಾಯಿ ಬಿಡುವುದಿಲ್ಲ. ಆಮೇಲೆ ಹೊರಗೆ ಬಂದು, "ಕೂಲಿ ದುಡ್ಡೆಲ್ಲಾ ಕುಡಿಯೋಕೇ ಹೋಗ್ತದೆ, ಏನ್ ಮಾಡೋದು?" ಅಂತಾರೆ. ಈ ಪಾಠ ಅವರಿಗಾಗಿ.

2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ ಹೋಯಿತು, ಕುಡಿತ ಹೋಗಲಿಲ್ಲ. ಬ್ರಾಂದಿ, ವಿಸ್ಕಿ ಆ ಜಾಗಕ್ಕೆ ಬಂದವು. ಚಟ ಹತ್ತಿದವರಿಗೆ ಇದು ಕಾಯಿಲೆ. ಬೈದರೆ, ಆಣೆ ಹಾಕಿಸಿದರೆ ಮಾತ್ರ ವಾಸಿಯಾಗುವುದಿಲ್ಲ. ಚಿಕಿತ್ಸೆ ಬೇಕು, ಆಮೇಲೆ ಜೊತೆಗಾರರು ಬೇಕು.

ಸಭೆ ಎಂದರೆ ಏನು?

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತಕ್ಕೆ ಸಿಕ್ಕಿಬಿದ್ದಿದ್ದ ಒಬ್ಬ ಷೇರು ವ್ಯಾಪಾರಿ ಮತ್ತು ಒಬ್ಬ ಡಾಕ್ಟರ್ ಪರಸ್ಪರ ಕಷ್ಟ ಹೇಳಿಕೊಂಡು ಕುಡಿತ ಬಿಟ್ಟರು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿದ್ದು ಹೀಗೆ. 1957ರಲ್ಲಿ ಇದು ಮುಂಬಯಿಯಲ್ಲಿ ಆರಂಭವಾಯಿತು. ಇದರ ಸಭೆಗೆ ಶುಲ್ಕವಿಲ್ಲ. ಪೂರ್ತಿ ಹೆಸರು ಹೇಳಬೇಕಿಲ್ಲ. ಕುಡಿತ ಬಿಡುವ ಆಸೆಯಿದ್ದರೆ ಸಾಕು, ಯಾವ ಜಾತಿ ಧರ್ಮದವರಾದರೂ ಬರಬಹುದು. ಚರ್ಚ್ ಹಾಲ್‌ನಲ್ಲಿ ಸಭೆ ನಡೆದರೂ ಅದು ಚರ್ಚಿನ ಸಭೆಯಲ್ಲ. ಕುಡಿಯುವ ಹೆಣ್ಣುಮಕ್ಕಳಿಗೂ ಇಲ್ಲಿ ಜಾಗವಿದೆ.

ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳು ನಿಮಗೆ ಗೊತ್ತಿರಬಹುದು. ಶಿಬಿರ ಮುಗಿಸಿದವರು ಮತ್ತೆ ಜಾರದಂತೆ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಅದೂ ಇಂಥದ್ದೇ ಆಸರೆ.

ಮೊದಲು ಆಸ್ಪತ್ರೆ

ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಗುವುದು, ಫಿಟ್ಸ್ ಬರುವುದು, ಇಲ್ಲದ್ದು ಕಾಣಿಸುವುದು ಉಂಟು. ಪ್ರಾಣಕ್ಕೂ ಅಪಾಯ. ಆದ್ದರಿಂದ ಡಾಕ್ಟರ ಸಲಹೆ ಪಡೆದೇ ಬಿಡಿಸಿ. "ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ" ಎಂಬ ಜಾಹೀರಾತು ನಂಬಿ ಅನ್ನ ಸಾರಿಗೆ ಪುಡಿ, ಮಾತ್ರೆ ಬೆರೆಸಬೇಡಿ. ಕುಡಿತ ಬಿಡಿಸುವ ಕೆಲವು ಮಾತ್ರೆಗಳ ಮೇಲೆ ಮದ್ಯ ಬಿದ್ದರೆ ಜೀವಕ್ಕೇ ಕುತ್ತು.

ಎಲ್ಲಿ ಕೇಳಬೇಕು?

1. 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

2. ಅರಸೀಕೆರೆ ಅಥವಾ ಬೇಲೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ, ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿ. ಹಳೇಬೀಡಿನವರಿಗೆ ಬೇಲೂರೇ ತಾಲ್ಲೂಕು ಕೇಂದ್ರ. ಹೆಚ್ಚಿನ ಚಿಕಿತ್ಸೆಗೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ.

3. ಇಲ್ಲೆಲ್ಲಾ ಒಂದು ಪ್ರಶ್ನೆ ಮರೆಯದೆ ಕೇಳಿ: "ನಮಗೆ ಹತ್ತಿರದ ಎ.ಎ. ಸಭೆ ಎಲ್ಲಿ, ಯಾವ ವಾರ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ?" ಮುಕ್ತ ಸಭೆಗೆ ಮನೆಯವರೂ ಹೋಗಬಹುದು, ಮುಚ್ಚಿದ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಸಭೆಯ ದಿನ, ಜಾಗ ಬದಲಾಗುತ್ತಿರುತ್ತವೆ. ಹೊರಡುವ ಮೊದಲು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

4. ನಿಮ್ಮ ಧರ್ಮಕೇಂದ್ರದ ಗುರುಗಳು, ಸಿಸ್ಟರ್‌ಗಳು, ಆಶಾ ಕಾರ್ಯಕರ್ತೆ, ನಮ್ಮ ಪ್ರೇರಕಿ, ಇವರನ್ನೂ ಕೇಳಿ. ಕುಡಿತ ಬಿಟ್ಟು ವರ್ಷಗಳಾದ ಒಬ್ಬರು ಊರಲ್ಲಿದ್ದರೆ ಅವರಿಗಿಂತ ಒಳ್ಳೆಯ ದಾರಿ ತೋರುವವರಿಲ್ಲ.

ಅವರು ಬರಲ್ಲ ಅಂದರೆ?

ನೀವೇ ಮೊದಲು ಹೋಗಿ. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಸಭೆಗಳಿವೆ. 1951ರಲ್ಲಿ ಆರಂಭಿಸಿದವರು ಹೆಂಗಸರೇ. ಗಂಡ ಕುಡಿಯುವುದು ಹೆಂಡತಿಯ ತಪ್ಪಲ್ಲ, ಬಿಡಿಸುವುದು ಅವಳೊಬ್ಬಳ ಕೈಯಲ್ಲೂ ಇಲ್ಲ ಎಂಬುದನ್ನು ಅಲ್ಲಿ ಕಲಿಯುತ್ತಾರೆ. ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಖರ್ಚಿಲ್ಲ. ಕುಡಿದಿರುವಾಗ ಈ ವಿಷಯ ಎತ್ತಬೇಡಿ. ಬೆಳಗ್ಗೆ, ಅಮಲು ಇಳಿದಾಗ ಹೇಳಿ. ಹೊಡೆತ ಬಡಿತ ಇದ್ದರೆ ತಡೆದುಕೊಂಡು ಕೂರಬೇಡಿ: 112 ಅಥವಾ 181ಕ್ಕೆ ಫೋನ್ ಮಾಡಿ.

ಸಂಘ ಮಾಡಬೇಕಾದ್ದು

ಸಂಘದಲ್ಲಿ ಕೇಳಿದ್ದನ್ನು ಬಾವಿಕಟ್ಟೆಗೆ ಒಯ್ಯಬಾರದು. ಗಂಡ ಕುಡಿಯುತ್ತಾನೆಂದು ಸದಸ್ಯೆಯನ್ನು ಹಂಗಿಸಬಾರದು. ಮೊದಲ ದಿನ ಆಸ್ಪತ್ರೆಗೆ ಅಥವಾ ಸಭೆಗೆ ಅವಳ ಜೊತೆ ಒಬ್ಬರು ಹೋಗಬೇಕು. ಯಜಮಾನರ ಬಸ್ ಖರ್ಚಿಗೆ ಸಂಘದಿಂದ ಸಣ್ಣ ಸಾಲ ಕೊಡಬಹುದೇ ಎಂದು ನಿರ್ಣಯ ಮಾಡಿ. ಒಮ್ಮೆ ಬಿಟ್ಟವರು ಮತ್ತೆ ಕುಡಿಯುವುದು ಉಂಟು. ಆಗ "ಮುಗೀತು" ಎಂದು ಕೈಬಿಡಬೇಡಿ, ಸಭೆಗೆ ಮತ್ತೆ ಕಳಿಸಿ. ಪ್ರತಿ ವಾರ ಕೂಡಿ ಹತ್ತು, ಇಪ್ಪತ್ತು ರೂಪಾಯಿ ಉಳಿಸಿದ ನಮಗೆ, ವಾರ ವಾರ ಕೂಡುವುದರ ಬಲ ಏನೆಂದು ಬೇರೆಯವರು ಹೇಳಬೇಕಿಲ್ಲ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಊರಲ್ಲಿ ಕುಡಿತ ಬಿಟ್ಟವರು ಯಾರಿದ್ದಾರೆ? ಅವರನ್ನು ಮಾತಾಡಲು ಕರೆಯಬಹುದೇ?
2. ಮುಂದಿನ ಸಭೆಯೊಳಗೆ 14416ಕ್ಕೆ ಫೋನ್ ಮಾಡಿ ವಿವರ ತರುವವರು ಯಾರು?
3. ಗುಟ್ಟು ಕಾಪಾಡಲು ನಮ್ಮ ಸಂಘದ ನಿಯಮ ಏನಿರಬೇಕು?